ದಬ್ಬಣ, ಇಸ್ತ್ರಿಪೆಟ್ಟಿಗೆ ಮತ್ತು ಒಂದು ಪುಟ್ಟ ವಿಮಾನ

ಇಸ್ತ್ರಿಪೆಟ್ಟಿಗೆ ಮನೆಯದೇ, ಅಂಗಿ ಪ್ಯಾಂಟು ಇಸ್ತ್ರಿ ಮಾಡುವಂಥದ್ದು. ಈಗ ಅದು ಹರಿದಾಡುತ್ತಿರುವುದು ಮಾತ್ರ ವಿಮಾನದ ರೆಕ್ಕೆಯ ಮೇಲೆ. ಎರಡು ಮರದ ಸ್ಟ್ಯಾಂಡುಗಳ ಮೇಲೆ ಮಲಗಿಸಿದ ಸುಮಾರು ಹದಿಮೂರು ಅಡಿಯ ರೆಕ್ಕೆ, ಅದರ ಅಂಚಿಗೆ ಸಡಿಲವಾಗಿ ಅಂಟಿಸಿದ ಪಾಲಿಯೆಸ್ಟರ್ ಬಟ್ಟೆ, ಅಲ್ಲಲ್ಲಿ ನೆರಿಗೆ. ಪೆಟ್ಟಿಗೆ ಸರಿದು ಹೋದ ಕಡೆಯೆಲ್ಲ ನೆರಿಗೆ ತಾನಾಗಿ ಮಾಯವಾಗುತ್ತದೆ. ಮೊದಲ ಸುತ್ತಿಗೆ 250 ಡಿಗ್ರಿ ಫ್ಯಾರನ್‌ಹೀಟ್, ಕೊನೆಯ ಸುತ್ತಿಗೆ 350. ಅಷ್ಟು ಹೊತ್ತಿಗೆ ಬಟ್ಟೆ ಹತ್ತರಲ್ಲಿ ಒಂದು ಪಾಲಿನಷ್ಟು ಕುಗ್ಗಿ, ಬೆರಳಿನಿಂದ ತಟ್ಟಿದರೆ ಮದ್ದಳೆಯ ಹಾಗೆ ದನಿ ಕೊಡುತ್ತದೆ. ಪೆಟ್ಟಿಗೆಯ ಗುಂಡಿ ತೋರಿಸುವ ಶಾಖವನ್ನು ಯಾರೂ ನಂಬುವುದಿಲ್ಲ. ಥರ್ಮಾಮೀಟರಿನಿಂದ ಅಳೆದು, ಗುಂಡಿಯ ಪಕ್ಕ ಪೆನ್ನಿನಲ್ಲಿ ತಮ್ಮದೇ ಗುರುತು ಹಾಕಿಕೊಳ್ಳುತ್ತಾರೆ. ಶಾಖ ಹೆಚ್ಚಾದರೆ ಬಟ್ಟೆ ಬಿಗಿ ಕಳೆದುಕೊಳ್ಳುತ್ತದೆ, ಇನ್ನೂ ಹೆಚ್ಚಾದರೆ ಕರಗುತ್ತದೆ. ಒಂದೇ ಮಗ್ಗುಲನ್ನು ಪೂರ್ತಿ ಬಿಗಿದುಬಿಟ್ಟರೆ ಒಳಗಿನ ತೆಳು ಮರದ ಹಂದರ ಸೊಟ್ಟಗಾಗುತ್ತದೆ. ಹಾಗಾಗಿ ಈ ಕಡೆ ಒಂದಿಷ್ಟು, ಮಗುಚಿ ಆ ಕಡೆ ಒಂದಿಷ್ಟು. ದಿನವಿಡೀ ಇದೇ ಕೆಲಸ.

ಈ ರೆಕ್ಕೆ ಹೊತ್ತು ಹಾರುವ ವಿಮಾನದ ಹೆಸರು ಪೀಟನ್‌ಪೋಲ್ ಏರ್ ಕ್ಯಾಂಪರ್. ಇಬ್ಬರು ಒಬ್ಬರ ಹಿಂದೊಬ್ಬರು ಕೂರುವ, ತಲೆಯ ಮೇಲೆ ಕೊಡೆ ಹಿಡಿದಂತೆ ಒಂದೇ ರೆಕ್ಕೆ ಇರುವ, ಮರ ಮತ್ತು ಬಟ್ಟೆಯ ವಿಮಾನ. ಇದು ಕಾರ್ಖಾನೆಯಲ್ಲಿ ಹುಟ್ಟಿದ್ದಲ್ಲ. ಅಮೆರಿಕದ ಮಿನೆಸೋಟ ರಾಜ್ಯದ ಆಗ್ನೇಯ ಮೂಲೆಯಲ್ಲಿ ಚೆರ್ರಿ ಗ್ರೋವ್ ಎಂಬ ಪುಟ್ಟ ಊರಿದೆ. ಅಲ್ಲಿನ ಬರ್ನಾರ್ಡ್ ಪೀಟನ್‌ಪೋಲ್ (1901–1984) ಎಂಜಿನಿಯರಿಂಗ್ ಓದಿದವರಲ್ಲ, ಕೈಯಿಂದಲೇ ಕಲಿತ ಮೆಕ್ಯಾನಿಕ್. ಆ ಕಾಲದಲ್ಲಿ ವಿಮಾನದ ಎಂಜಿನ್ ಕೊಳ್ಳುವುದು ಹಳ್ಳಿಯವರ ಕೈಗೆ ಎಟುಕುವ ಮಾತಾಗಿರಲಿಲ್ಲ. ಆದರೆ ಫೋರ್ಡ್ ಮಾಡೆಲ್ ಎ ಕಾರು ಊರೂರಲ್ಲೂ ಓಡಾಡುತ್ತಿತ್ತು. ಅದರ ನಾಲ್ಕು ಸಿಲಿಂಡರಿನ, ನಲವತ್ತು ಅಶ್ವಶಕ್ತಿಯ ಎಂಜಿನ್ನನ್ನು ಕಾರಿನಿಂದ ಇಳಿಸಿ, ಹಿಂದುಮುಂದಾಗಿ ತಿರುಗಿಸಿ ವಿಮಾನದ ಮೂತಿಗೆ ಕೂರಿಸಿದರು. ಫ್ಲೈವೀಲ್ ಇದ್ದ ತುದಿಗೆ ಪ್ರೊಪೆಲ್ಲರ್ ಬಂತು. 1929ರಲ್ಲಿ ಅದು ಹಾರಿತು.

ಮಿನಿಯಾಪೊಲಿಸ್‌ನ 'ಮಾಡರ್ನ್ ಮೆಕ್ಯಾನಿಕ್ಸ್' ಪತ್ರಿಕೆಯ ಸಂಪಾದಕ ವೆಸ್ಟನ್ ಫಾರ್ಮರ್‌ಗೆ ಕಾರಿನ ಎಂಜಿನ್ ವಿಮಾನ ಹೊರುತ್ತದೆ ಎಂದರೆ ನಂಬಿಕೆ ಇರಲಿಲ್ಲ. ಪೀಟನ್‌ಪೋಲ್ ವಾದಕ್ಕೆ ನಿಲ್ಲಲಿಲ್ಲ. 1930ರಲ್ಲಿ ಫೋರ್ಡ್ ಎಂಜಿನ್ನಿನ ಎರಡು ವಿಮಾನ ಅವರ ಊರಿನಿಂದ ಹಾರಿ ಮಿನಿಯಾಪೊಲಿಸ್‌ನಲ್ಲಿ ಇಳಿದವು. ಕಣ್ಣಾರೆ ಕಂಡ ಮೇಲೆ ಸಂಪಾದಕರೂ ಒಪ್ಪಿದರು. 1932ರ 'ಫ್ಲೈಯಿಂಗ್ ಅಂಡ್ ಗ್ಲೈಡರ್ ಮ್ಯಾನ್ಯುಅಲ್'ನಲ್ಲಿ ಏರ್ ಕ್ಯಾಂಪರ್‌ನ ನಕ್ಷೆ ಅಚ್ಚಾಯಿತು. ಅಮೆರಿಕ ಆರ್ಥಿಕವಾಗಿ ನೆಲ ಕಚ್ಚಿದ್ದ ಕಾಲ ಅದು. ಆದರೂ ರೈತರು, ಗ್ಯಾರೇಜಿನವರು, ಮೇಷ್ಟ್ರುಗಳು ಆ ಪುಟಗಳನ್ನು ಗೋಡೆಗೆ ಅಂಟಿಸಿಕೊಂಡು ಗರಗಸ ಹಿಡಿದರು. ಅಂದಿನಿಂದ ಇಂದಿನವರೆಗೂ ಈ ವಿಮಾನವನ್ನು ಕಟ್ಟುವವರು ಇದ್ದೇ ಇದ್ದಾರೆ.

ಕಟ್ಟುವವರ ಕಥೆಯನ್ನು ಬಹಳ ಜನ ಬರೆದಿದ್ದಾರೆ. ಕಟ್ಟಿದವರು ಹೋದ ಮೇಲೆ ಆ ವಿಮಾನ ಏನಾಗುತ್ತದೆ ಎಂಬುದು ಬೇರೆಯೇ ಕಥೆ. ಕಟ್ಟಿದವರಿಗೆ ವಯಸ್ಸಾಗುತ್ತದೆ, ಕಣ್ಣು ಮಂಜಾಗುತ್ತದೆ. ವಿಮಾನ ಕೊಟ್ಟಿಗೆ ಸೇರುತ್ತದೆ. ಮೇಲೆ ಹುಲ್ಲು, ಕೆಳಗೆ ಕೋಳಿ, ನಡುವೆ ರೆಕ್ಕೆ. ಹತ್ತಿಪ್ಪತ್ತು ವರ್ಷ ಕಳೆದ ಮೇಲೆ ಇನ್ನೊಬ್ಬರು ಬಂದು ಟ್ರೈಲರಿಗೆ ಹೇರಿಕೊಂಡು ಹೋಗುತ್ತಾರೆ. ಕಾರ್ಖಾನೆಯ ವಿಮಾನವಾದರೆ ಅದಕ್ಕೊಂದು ಕೈಪಿಡಿ ಇರುತ್ತದೆ, ಬಿಡಿಭಾಗದ ನಂಬರ್ ಇರುತ್ತದೆ, ಒಂದು ವಿಮಾನದಲ್ಲಿ ಇದ್ದದ್ದು ಮುಂದಿನದರಲ್ಲೂ ಹಾಗೇ ಇರುತ್ತದೆ. ಮನೆಯಲ್ಲಿ ಕಟ್ಟಿದ ವಿಮಾನದಲ್ಲಿ ಈ ಯಾವ ಭರವಸೆಯೂ ಇಲ್ಲ. ನಕ್ಷೆ ಒಂದೇ, ಕೈ ಮಾತ್ರ ಬೇರೆ ಬೇರೆ. ಒಬ್ಬರು ಪೆಟ್ರೋಲ್ ಟ್ಯಾಂಕನ್ನು ರೆಕ್ಕೆಯಲ್ಲಿಟ್ಟರೆ ಇನ್ನೊಬ್ಬರು ಮುಂದಿನ ಸೀಟಿನ ಮುಂದೆ ಇಟ್ಟಿರುತ್ತಾರೆ. ಒಬ್ಬರದು ಫೋರ್ಡ್, ಇನ್ನೊಬ್ಬರದು ವಿಮಾನಕ್ಕೆಂದೇ ಮಾಡಿದ ಕಾಂಟಿನೆಂಟಲ್, ಮತ್ತೊಬ್ಬರದು ಶೆವ್ರೊಲೆ ಕೊರ್ವೇರ್ ಕಾರಿನ ಎಂಜಿನ್. ಆ ಕೊರ್ವೇರ್‌ನ ದಾರಿಯನ್ನು 1960ರ ದಶಕದಲ್ಲಿ ತೋರಿಸಿಕೊಟ್ಟವರೂ ಪೀಟನ್‌ಪೋಲ್ ಅವರೇ. ಆದ್ದರಿಂದ ಇಂಥ ವಿಮಾನವನ್ನು ಕೊಂಡವರ ಮೊದಲ ಕೆಲಸ ರಿಪೇರಿಯಲ್ಲ. ಇನ್ನೊಬ್ಬರ ಕೈಕೆಲಸವನ್ನು ಅಕ್ಷರ ಅಕ್ಷರವಾಗಿ ಓದುವುದು.

ಅಮೆರಿಕದ ಕಾನೂನು ಈ ವಿಷಯವನ್ನು ಸರಿಯಾಗಿ ಅರ್ಥ ಮಾಡಿಕೊಂಡಿದೆ. ಕಲಿಕೆಗಾಗಿಯೋ ಸಂತೋಷಕ್ಕಾಗಿಯೋ ಹೆಚ್ಚಿನ ಪಾಲನ್ನು ತಾವೇ ಕಟ್ಟಿದ ವಿಮಾನಕ್ಕೆ ಅಲ್ಲಿ 'ಎಕ್ಸ್‌ಪೆರಿಮೆಂಟಲ್' ಎಂಬ ವರ್ಗವಿದೆ, ಆ ಪದವನ್ನು ವಿಮಾನದ ಮೇಲೆ ಕಾಣುವ ಹಾಗೆ ಬರೆಯಲೇಬೇಕು. ಅದರ ರಿಪೇರಿಯನ್ನು ಯಾರು ಬೇಕಾದರೂ ಮಾಡಬಹುದು. ಆದರೆ ಹನ್ನೆರಡು ತಿಂಗಳಿಗೊಮ್ಮೆ ಪೂರ್ತಿ ತಪಾಸಣೆ ಆಗಬೇಕು. ಲೈಸೆನ್ಸ್ ಪಡೆದ ವಿಮಾನ ಮೆಕ್ಯಾನಿಕ್ ಅದಕ್ಕೆ ಸಹಿ ಹಾಕಬಹುದು, ಅದೇ ವಿಮಾನವನ್ನು ಕಟ್ಟಿ ಅದಕ್ಕಾಗಿಯೇ ಪ್ರಮಾಣಪತ್ರ ಪಡೆದವರೂ ಹಾಕಬಹುದು. ವಿಮಾನ ಮಾರಿದರೆ ಆ ಪ್ರಮಾಣಪತ್ರ ಅದರ ಜೊತೆ ಹೋಗುವುದಿಲ್ಲ. ಅದು ಕಟ್ಟಿದವರಿಗೆ ಮಾತ್ರ. ಕೊಂಡವರು ಎಷ್ಟೇ ಜಾಣರಾದರೂ ಹೊಸಬರೇ.

ಓದು ಶುರುವಾಗುವುದು ಲಾಗ್ ಪುಸ್ತಕದಿಂದ. ಅದು ಚೆನ್ನಾಗಿದ್ದರೆ ಅರ್ಧ ಕೆಲಸ ಮುಗಿದಂತೆ. ಯಾವ ಅಂಟು ಬಳಸಿದರು, ಯಾವ ವರ್ಷ ಬಟ್ಟೆ ಬದಲಾಯಿಸಿದರು, ಯಾವ ಇಳಿತದಲ್ಲಿ ಚಕ್ರ ಗುಂಡಿಗೆ ಬಿತ್ತು, ಆಮೇಲೆ ಏನು ಮಾಡಿದರು ಎಲ್ಲವೂ ಅದರಲ್ಲಿರುತ್ತದೆ. ಕಟ್ಟುವಾಗ ತೆಗೆದ ಫೋಟೋಗಳಿದ್ದರಂತೂ ಅದು ನಿಧಿ. ಬಟ್ಟೆ ಮುಚ್ಚುವ ಮೊದಲು ರೆಕ್ಕೆಯ ಒಳಗೆ ಏನಿತ್ತು ಎಂಬುದಕ್ಕೆ ಬೇರೆ ಸಾಕ್ಷಿ ಇಲ್ಲ. ಪುಸ್ತಕದಲ್ಲಿ ನಾಲ್ಕೈದು ವರ್ಷ ಖಾಲಿ ಬಿಟ್ಟಿದ್ದರೆ ಅನುಮಾನ ಪಡಬೇಕು. ಆ ವರ್ಷಗಳಲ್ಲಿ ವಿಮಾನ ಹಾರಿಲ್ಲ ಎಂದಾದರೆ ಅಷ್ಟೂ ಕಾಲ ತೇವ ತನ್ನ ಕೆಲಸ ಮಾಡಿದೆ ಎಂದು ಅರ್ಥ. ಹಾರದೆ ನಿಂತ ವಿಮಾನ ಹಾರಿದ ವಿಮಾನಕ್ಕಿಂತ ಬೇಗ ಕೆಡುತ್ತದೆ. ಎಂಜಿನ್ ಒಳಗೆ ಎಣ್ಣೆ ಇಳಿದು ಹೋಗಿ ಉಕ್ಕು ತುಕ್ಕು ಹಿಡಿಯುತ್ತದೆ, ರಬ್ಬರ್ ಕೊಳವೆ ಗಟ್ಟಿಯಾಗುತ್ತದೆ, ಕಾರ್ಬುರೇಟರಿನಲ್ಲಿ ಪೆಟ್ರೋಲ್ ಒಣಗಿ ಅಂಟಾಗುತ್ತದೆ.

ಆಮೇಲೆ ಬಟ್ಟೆ ಬಿಚ್ಚುವ ದಿನ. ಚಾಕುವಿನಿಂದ ಹಿಂಬದಿಯ ಅಂಚನ್ನು ಸೀಳಿ, ಹಾಸಿಗೆಯ ಹೊದಿಕೆ ತೆಗೆದ ಹಾಗೆ ಸುಲಿದರೆ ಒಳಗಿನ ಲೋಕ ಹೊರಗೆ ಬೀಳುತ್ತದೆ. ಮೊದಲು ಕಾಣುವುದು ಇಲಿಗೂಡು. ಹುಲ್ಲು, ಹತ್ತಿ, ಕಾಗದದ ಚೂರು, ಜೊತೆಗೆ ಮೂಗಿಗೆ ಹೊಡೆಯುವ ವಾಸನೆ. ಗೂಡು ಎತ್ತಿ ಬಿಸಾಡಿದರೆ ಮುಗಿಯಿತು ಎಂದುಕೊಳ್ಳುವ ಹಾಗಿಲ್ಲ. ಇಲಿಯ ಮೂತ್ರ ಲೋಹವನ್ನು ತಿನ್ನುತ್ತದೆ, ಮರದೊಳಗೆ ಇಳಿಯುತ್ತದೆ. ಬಟ್ಟೆಯನ್ನು ಹಂದರಕ್ಕೆ ಹೊಲಿದ ದಾರವನ್ನು ಇಲಿ ಕಡಿದಿದ್ದರೆ ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ, ಗೊತ್ತಾಗುವುದು ಹಾರುವಾಗಲೇ. ಗಾಳಿಯ ವೇಗ ಅಳೆಯುವ ಸಣ್ಣ ಕೊಳವೆಯಲ್ಲಿ, ಟ್ಯಾಂಕಿಗೆ ಗಾಳಿಯಾಡುವ ತೂತಿನಲ್ಲಿ ಕುಂಬಾರ ಹುಳ ಮಣ್ಣು ಮೆತ್ತಿರುತ್ತದೆ. ಚಿಟಿಕೆಯಷ್ಟು ಮಣ್ಣು. ಅಷ್ಟು ಸಾಕು, ಪೆಟ್ರೋಲ್ ಹರಿಯುವುದು ನಿಂತು ಎಂಜಿನ್ ಸುಮ್ಮನಾಗಲು.

ಹಂದರವೆಂದರೆ ಉದ್ದಕ್ಕೆ ಎರಡು ತೊಲೆ, ಅಡ್ಡಕ್ಕೆ ಸಾಲಾಗಿ ಪಕ್ಕೆಲುಬು. ಸ್ಪ್ರೂಸ್ ಎಂಬ ಹಗುರವಾದ, ನೇರ ಎಳೆಯ ಮರ. ಪಕ್ಕೆಲುಬಿನ ಪಟ್ಟಿಗಳು ಕಾಲಂಗುಲ ದಪ್ಪ, ಅರ್ಧ ಅಂಗುಲ ಅಗಲ. ಕೂಡುವ ಜಾಗದಲ್ಲಿ ತೆಳು ಪ್ಲೈವುಡ್ಡಿನ ತುಂಡು, ಅಂಟು, ಗುಂಡುಸೂಜಿಯಂಥ ಮೊಳೆ. ಒಂದು ಪಕ್ಕೆಲುಬನ್ನು ಕೈಯಲ್ಲಿ ಹಿಡಿದರೆ ಇಷ್ಟು ಹಗುರವೇ ಎಂದು ಬೆರಗಾಗುತ್ತದೆ. ಆಟಿಕೆಯಂತೆ ಕಾಣುವ ಇಂಥವೇ ಸೇರಿ ಇಬ್ಬರು ಮನುಷ್ಯರನ್ನೂ ಒಂದು ಕಾರಿನ ಎಂಜಿನ್ನನ್ನೂ ಎತ್ತಿ ಹಿಡಿಯುತ್ತವೆ.

ಮರವನ್ನು ಪರೀಕ್ಷಿಸುವುದರಲ್ಲಿ ಯಂತ್ರದ ಪಾತ್ರ ಕಡಿಮೆ. ಕಿವಿ, ಬೆರಳು, ಟಾರ್ಚು ಸಾಕು. ಸ್ಕ್ರೂಡ್ರೈವರಿನ ಹಿಡಿಯಿಂದ ಮೆಲ್ಲಗೆ ತಟ್ಟುತ್ತ ಹೋದರೆ ಗಟ್ಟಿ ಮರ ಕಣಕಣ ಎನ್ನುತ್ತದೆ, ಅಂಟು ಬಿಟ್ಟ ಕಡೆ ಅಥವಾ ಕೊಳೆತ ಕಡೆ ಮಂದವಾಗಿ ಡಬ್ ಎನ್ನುತ್ತದೆ. ತೆಂಗಿನಕಾಯಿ ಆರಿಸಲು ಬಲ್ಲವರಿಗೆ ಈ ವಿದ್ಯೆ ಹೊಸತಲ್ಲ. ಅಂಟಿನ ಕೀಲಿಗೆ ಕೂದಲಿನಷ್ಟು ತೆಳುವಾದ ಉಕ್ಕಿನ ಪಟ್ಟಿ ತೂರಿಸಿ ನೋಡುತ್ತಾರೆ. ಒಳಗೆ ಹೋಯಿತೆಂದರೆ ಆ ಕೀಲು ಸತ್ತಿದೆ. ಹಳೆಯ ವಿಮಾನಗಳಲ್ಲಿ ಬಳಸಿದ್ದು ಕೇಸಿನ್ ಅಂಟು. ಹಾಲಿನಿಂದ ತೆಗೆದದ್ದು. ಒಣಗಿದ್ದಷ್ಟು ಕಾಲ ಬಲವಾಗಿರುತ್ತದೆ, ತೇವ ತಾಕಿದರೆ ಬೂಸ್ಟು ಅದನ್ನು ತಿಂದುಬಿಡುತ್ತದೆ. ಕೊಟ್ಟಿಗೆಯಲ್ಲಿ ಕಳೆದ ವರ್ಷಗಳ ಲೆಕ್ಕ ಇಲ್ಲಿ ಸಿಗುತ್ತದೆ. ಬೋಲ್ಟಿನ ತೂತಿನ ಸುತ್ತ ಕಪ್ಪು ಕಲೆ ಇದ್ದರೆ ಅಲ್ಲಿ ನೀರು ನಿಂತಿತ್ತು, ಕಬ್ಬಿಣ ತುಕ್ಕು ಹಿಡಿದಿತ್ತು ಎಂದು ಗುರುತು.

ಎಲ್ಲಕ್ಕಿಂತ ಕಳ್ಳ ದೋಷ ಒಂದಿದೆ. ಯಾವತ್ತೋ ಒಮ್ಮೆ ರೆಕ್ಕೆಯ ತುದಿ ನೆಲಕ್ಕೆ ತಾಗಿತ್ತು ಎನ್ನೋಣ. ಹೊರಗಿನ ಗಾಯ ವಾಸಿಯಾಗಿದೆ, ಬಣ್ಣ ಬಳಿದಿದ್ದಾರೆ. ಆದರೆ ಆ ಹೊಡೆತಕ್ಕೆ ತೊಲೆಯ ಎಳೆಗಳು ಒಂದು ಕಡೆ ಒತ್ತಿ ಮುರಿದಿರುತ್ತವೆ. ಕಣ್ಣಿಗೆ ಕಾಣುವುದು ಎಳೆಗೆ ಅಡ್ಡಲಾಗಿ ಉಗುರಿನಿಂದ ಗೀರಿದಂಥ ಒಂದು ಸಣ್ಣ ಸುಕ್ಕು. ಟಾರ್ಚನ್ನು ಮರಕ್ಕೆ ಸಮನಾಗಿ ಮಲಗಿಸಿ ಓರೆ ಬೆಳಕಿನಲ್ಲಿ ನೋಡಿದರೆ ಮಾತ್ರ ಅದರ ನೆರಳು ಏಳುತ್ತದೆ. ಅದನ್ನು ಕಂಡವರು ಆ ತೊಲೆಯನ್ನು ಉಳಿಸಿಕೊಳ್ಳುವ ಆಸೆ ಬಿಡಬೇಕು. ಹೊಸ ಸ್ಪ್ರೂಸ್ ತರಿಸಬೇಕು. ಎರಡು ತಿಂಗಳ ಕೆಲಸ ಎಂದು ಹೊರಟಿದ್ದು ಎರಡು ವರ್ಷ ಹಿಡಿಯುವುದು ಇಂಥ ಒಂದು ಗೀರಿನಿಂದಲೇ. ಅದನ್ನು ಕಂಡೂ ಕಾಣದಂತೆ ಬಟ್ಟೆ ಮುಚ್ಚಿದವರಿಗೆ ಕ್ಷಮೆ ಇಲ್ಲ, ಏಕೆಂದರೆ ಮುಂದಿನ ಸೀಟಿನಲ್ಲಿ ಪ್ರಯಾಣಿಕರಾಗಿ ಕೂರುವವರಿಗೆ ಆ ಗೀರು ಗೊತ್ತಿರುವುದಿಲ್ಲ.

ಮರ ಸರಿಯಾದ ಮೇಲೆ ಬಟ್ಟೆ. 1903ರಲ್ಲಿ ರೈಟ್ ಸಹೋದರರು ಹಾರಿಸಿದ ವಿಮಾನದ ರೆಕ್ಕೆಗೆ ಹೊದಿಸಿದ್ದು ಅಂಗಡಿಯಲ್ಲಿ ಸಿಗುವ ಮಸ್ಲಿನ್. ಸೈಕಲ್ ಅಂಗಡಿಯ ಹಿಂಭಾಗದಲ್ಲಿ ಹುಟ್ಟಿದ ಅದೂ ಒಂದು ರೀತಿಯಲ್ಲಿ ಮನೆಯ ವಿಮಾನವೇ. ಹತ್ತಿ ಬಟ್ಟೆ ಬಿಸಿಲಿಗೆ ಕೆಲವೇ ವರ್ಷಗಳಲ್ಲಿ ಸೋಲುತ್ತಿತ್ತು, ಅದಕ್ಕೆ ಬಳಿಯುತ್ತಿದ್ದ ನೈಟ್ರೇಟ್ ಡೋಪ್ ಎಂಬ ಲೇಪ ಕಿಡಿ ತಾಕಿದರೆ ಭಗ್ಗನೆ ಹೊತ್ತಿಕೊಳ್ಳುತ್ತಿತ್ತು. ಈಗ ಪಾಲಿಯೆಸ್ಟರ್ ಬಂದಿದೆ. ಹೊಲಿಗೆ ಮಾತ್ರ ಬದಲಾಗಿಲ್ಲ. ಇಸ್ತ್ರಿ ಮುಗಿದ ರೆಕ್ಕೆಯನ್ನು ಅಂಚಿನ ಮೇಲೆ ನಿಲ್ಲಿಸುತ್ತಾರೆ. ಈ ಕಡೆ ಒಬ್ಬರು, ಆ ಕಡೆ ಇನ್ನೊಬ್ಬರು. ಗೋಣಿಚೀಲ ಹೊಲಿಯುವ ದಬ್ಬಣಕ್ಕಿಂತ ಉದ್ದದ, ಒಂದಡಿಗೂ ಮೀರಿದ ಸೂಜಿಗೆ ಮೇಣ ಹಚ್ಚಿದ ದಾರ ಪೋಣಿಸಿ ಈ ಕಡೆಯಿಂದ ಚುಚ್ಚಿದರೆ ಪಕ್ಕೆಲುಬಿನ ಮಗ್ಗುಲಲ್ಲೇ ಹಾದು ಆ ಕಡೆ ಹೊರಬರುತ್ತದೆ. ಅಲ್ಲಿದ್ದವರು ಪಕ್ಕೆಲುಬಿನ ಇನ್ನೊಂದು ಮಗ್ಗುಲಿನಿಂದ ಹಿಂದಕ್ಕೆ ಚುಚ್ಚುತ್ತಾರೆ. ಗಂಟು, ಬಿಗಿ, ಮುಂದಿನ ತೂತು. ಪ್ರೊಪೆಲ್ಲರಿನ ಗಾಳಿ ನೇರವಾಗಿ ಬಡಿಯುವ ಜಾಗದಲ್ಲಿ ಹೊಲಿಗೆ ಇನ್ನೂ ಒತ್ತಾಗಿರಬೇಕು. ಗಂಡ ಹೆಂಡತಿ, ಅಪ್ಪ ಮಗಳು, ಪಕ್ಕದ ಮನೆಯವರು ಸೇರಿ ಮಾಡುವ ಕೆಲಸ ಇದು. ರೆಕ್ಕೆಯ ಎರಡು ಕಡೆ ನಿಂತು, ಮುಖ ಕಾಣದೆ, ಬರೀ ದನಿ ಕೇಳಿಸಿಕೊಂಡು ಸೂಜಿ ದಾಟಿಸುತ್ತ ದಿನಗಟ್ಟಲೆ ಕಳೆಯುತ್ತಾರೆ.

ಹೊಲಿದ ಮೇಲೆ ಪಟ್ಟಿ ಅಂಟಿಸಿ, ಅಲ್ಯೂಮಿನಿಯಂ ಪುಡಿ ಬೆರೆಸಿದ ಬೆಳ್ಳಿ ಬಣ್ಣದ ಪದರ ಕೊಡುತ್ತಾರೆ. ಅದು ಚಂದಕ್ಕಲ್ಲ, ಬಿಸಿಲು ಒಳಹೋಗಿ ಬಟ್ಟೆಯನ್ನು ಪುಡಿ ಮಾಡದಿರಲಿ ಎಂದು. ಪದರ ಸಾಕೇ ಎಂದು ತಿಳಿಯಲು ರೆಕ್ಕೆಯೊಳಗೆ ಬಲ್ಬು ಹಿಡಿದು ಕತ್ತಲಲ್ಲಿ ಹೊರಗಿನಿಂದ ನೋಡುತ್ತಾರೆ. ಬೆಳಕು ಇಣುಕಿದರೆ ಇನ್ನೊಂದು ಪದರ. ಕೊನೆಗೆ ರೆಕ್ಕೆಯ ತಗ್ಗಿನ ಅಂಚಿನಲ್ಲಿ ನೀರು ಹರಿದು ಹೋಗಲು ಸಣ್ಣ ಸಣ್ಣ ತೂತು. ಇಷ್ಟೆಲ್ಲ ಕೆಲಸದ ಕೊನೆಗೆ ಆ ತೂತು ಮಾಡಲು ಮರೆತರೆ ಹಿಂದಿನ ಕಥೆಯೇ ಮತ್ತೆ: ನೀರು, ಕಲೆ, ಕೊಳೆತ.

ಫೋರ್ಡ್ ಎಂಜಿನ್ನಿನದು ಬೇರೆ ಸ್ವಭಾವ. ಅದರ ಬೇರಿಂಗುಗಳು ಇವತ್ತಿನ ಕಾರಿನಂತೆ ಅಂಗಡಿಯಲ್ಲಿ ಸಿಗುವ ಚಿಪ್ಪುಗಳಲ್ಲ. ಬ್ಯಾಬಿಟ್ ಎಂಬ ಮೆದುವಾದ ಬಿಳಿ ಲೋಹವನ್ನು ಕರಗಿಸಿ ಎಂಜಿನ್ನಿನಲ್ಲೇ ಹುಯ್ದು, ಆಮೇಲೆ ಅಳತೆಗೆ ಕೆರೆದು ಕೂರಿಸಬೇಕು. ಈ ಕೆಲಸ ಬಲ್ಲ ಕೈಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿವೆ. ಕಾರಿನಲ್ಲಿ ಎಣ್ಣೆ ಚಿಮ್ಮಿ ಒದ್ದೆಯಾದರೆ ಸಾಕಿತ್ತು. ವಿಮಾನದಲ್ಲಿ ಎಂಜಿನ್ ಗಂಟೆಗಟ್ಟಲೆ ಒಂದೇ ಸಮ ದುಡಿಯುವುದರಿಂದ ಬೇರಿಂಗಿಗೆ ಬೇರೆ ಕೊಳವೆಯಲ್ಲಿ ಎಣ್ಣೆ ಮುಟ್ಟಿಸಬೇಕು. ಸಾಮಾನ್ಯ ವಿಮಾನದ ಎಂಜಿನ್ನಿನಲ್ಲಿ ಕಿಡಿಗೆ ವಿದ್ಯುತ್ ಕೊಡುವ ಎರಡು ಮ್ಯಾಗ್ನೆಟೊ, ಸಿಲಿಂಡರಿಗೆ ಎರಡೆರಡು ಸ್ಪಾರ್ಕ್ ಪ್ಲಗ್. ಒಂದು ಕೆಟ್ಟರೆ ಇನ್ನೊಂದು ಕಾಯುತ್ತದೆ. ಪೀಟನ್‌ಪೋಲರ ಫೋರ್ಡಿನಲ್ಲಿ ಒಂದೇ ಮ್ಯಾಗ್ನೆಟೊ, ಒಂದೊಂದೇ ಪ್ಲಗ್. ನೀರಿನ ರೇಡಿಯೇಟರ್ ಪೈಲಟ್ಟಿನ ಕಣ್ಣೆದುರಿಗೇ ಎದ್ದು ನಿಂತಿರುತ್ತದೆ. ಹಾಗಾಗಿ ಈ ಎಂಜಿನ್ ನೋಡಿಕೊಳ್ಳುವವರು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡಿರಬೇಕು. ಹಾರುವ ಮೊದಲು ಟ್ಯಾಂಕಿನ ತಳದಿಂದ ಗಾಜಿನ ಬಾಟಲಿಗೆ ಒಂದಿಷ್ಟು ಪೆಟ್ರೋಲ್ ಇಳಿಸಿ ಬೆಳಕಿಗೆ ಹಿಡಿಯುತ್ತಾರೆ. ನೀರು ಇದ್ದರೆ ತಳದಲ್ಲಿ ಮಣಿಯಂತೆ ಕೂರುತ್ತದೆ. ಎಣ್ಣೆ ಬದಲಿಸಿದಾಗ ಹಳೆಯ ಎಣ್ಣೆಯನ್ನು ಬಟ್ಟೆಯಲ್ಲಿ ಸೋಸುತ್ತಾರೆ. ಮಿಣುಕುವ ಲೋಹದ ಕಣ ಕಂಡರೆ ಒಳಗೆ ಏನೋ ಸವೆಯುತ್ತಿದೆ.

ಸ್ಟಾರ್ಟರ್ ಇಲ್ಲ, ಕೈಯಿಂದ ಪ್ರೊಪೆಲ್ಲರ್ ತಿರುಗಿಸಬೇಕು. ಚಕ್ರಕ್ಕೆ ಅಡ್ಡ ಮರ, ಬಾಲಕ್ಕೆ ಹಗ್ಗ, ಒಳಗೆ ಎಂಜಿನ್ ಬಲ್ಲ ಒಬ್ಬರು. "ಸ್ವಿಚ್ ಆಫ್?" ಎಂದು ಹೊರಗಿನವರು ಕೇಳಬೇಕು, ಒಳಗಿನವರು ನೋಡಿ ಹೇಳಬೇಕು. ಕೇಳಿಸಲಿಲ್ಲವೆಂದರೆ ಮತ್ತೊಮ್ಮೆ ಕೇಳಬೇಕು. ಇದರಲ್ಲಿ ಸಂಕೋಚಕ್ಕೆ, ಅವಸರಕ್ಕೆ ಜಾಗವಿಲ್ಲ. ಆಫ್ ಆಗಿದೆ ಎಂದುಕೊಂಡ ಮ್ಯಾಗ್ನೆಟೊ ಒಂದು ಸಡಿಲ ತಂತಿಯಿಂದ ಜೀವಂತ ಇರಬಹುದು.

ಇನ್ನೊಬ್ಬರ ಕೈಕೆಲಸವನ್ನು ಓದದೆ ಹಾರಿದರೆ ಏನಾಗುತ್ತದೆ ಎಂಬುದಕ್ಕೆ ಜಗತ್ತಿಗೆಲ್ಲ ಗೊತ್ತಿರುವ ಒಂದು ಸಾವು ಇದೆ. ಗಾಯಕ ಜಾನ್ ಡೆನ್ವರ್ 1997ರ ಅಕ್ಟೋಬರ್ 12ರಂದು ಕ್ಯಾಲಿಫೋರ್ನಿಯಾದ ಮಾಂಟೆರೆ ಕೊಲ್ಲಿಯ ಮೇಲೆ ಹಾರುತ್ತಿದ್ದರು. ವಿಮಾನ ಲಾಂಗ್ ಈಜಿ, ಬರ್ಟ್ ರುಟಾನ್ ವಿನ್ಯಾಸ ಮಾಡಿ ನಕ್ಷೆ ಮಾರಿದ, ಮನೆಯಲ್ಲಿ ಕಟ್ಟುವ ಫೈಬರ್‌ಗ್ಲಾಸ್ ವಿಮಾನ. ಡೆನ್ವರ್ ಅನುಭವಿ ಪೈಲಟ್. ಆದರೆ ಈ ವಿಮಾನವನ್ನು ಕಟ್ಟಿದವರು ಬೇರೆಯವರು, ಇವರು ಆಗಷ್ಟೇ ಕೊಂಡಿದ್ದರು. ಒಂದು ಟ್ಯಾಂಕಿನಿಂದ ಇನ್ನೊಂದಕ್ಕೆ ಪೆಟ್ರೋಲ್ ಬದಲಿಸುವ ಹಿಡಿ ನಕ್ಷೆಯ ಪ್ರಕಾರ ಪೈಲಟ್ಟಿನ ಮುಂದೆ, ಕಾಲುಗಳ ನಡುವೆ ಇರಬೇಕು. ಕಟ್ಟಿದವರು ಅದನ್ನು ಪೈಲಟ್ಟಿನ ಎಡ ಭುಜದ ಹಿಂದೆ ಇಟ್ಟಿದ್ದರು. ಪೆಟ್ರೋಲಿನ ಮಟ್ಟ ತೋರಿಸುವ ಗಾಜು ಹಿಂದಿನ ಸೀಟಿನ ಕಡೆ ಇತ್ತು, ಅದರ ಮೇಲೆ ಅಳತೆಯ ಗುರುತೂ ಇರಲಿಲ್ಲ. ಹಿಡಿ ಕೈಗೆ ಎಟುಕುವುದಿಲ್ಲ ಎಂಬುದು ಅಂದು ಹೊರಡುವ ಮೊದಲೇ ಗೊತ್ತಿತ್ತು. ಇಕ್ಕಳ ಸಿಕ್ಕಿಸಿ ಉದ್ದ ಮಾಡಲು ನೋಡಿದರು, ಆಗಲಿಲ್ಲ. ಗಾಜು ಕಾಣಲೆಂದು ಒಂದು ಕನ್ನಡಿ ಪಡೆದುಕೊಂಡರು. ಮೇಲೇರಿ ಕೆಲವೇ ನಿಮಿಷಗಳಲ್ಲಿ ವಿಮಾನ ನೀರಿಗೆ ಬಿತ್ತು. ಹಿಡಿಯನ್ನು ತಿರುಗಿಸಲೆಂದು ಮೈ ಹಿಂದಕ್ಕೆ ತಿರುಚಿದಾಗ ಬಲಗಾಲು ತಿಳಿಯದೆ ವಿಮಾನವನ್ನು ಪಕ್ಕಕ್ಕೆ ತಿರುಗಿಸುವ ರಡರ್ ಪೆಡಲನ್ನು ಒತ್ತಿತು ಎಂಬ ನಿರ್ಣಯಕ್ಕೆ ತನಿಖೆ ಬಂತು. ಹಿಡಿ ಇಟ್ಟ ಜಾಗ, ಗುರುತಿಲ್ಲದ ಗಾಜು, ಹೊಸ ವಿಮಾನದ ಅಭ್ಯಾಸ ಸಾಲದ್ದು ಎಲ್ಲವೂ ಕಾರಣಗಳಾಗಿ ದಾಖಲಾದವು.

ಕಟ್ಟಿದವರಿಗೆ ಆ ಹಿಡಿ ಅಲ್ಲಿರುವುದಕ್ಕೆ ತಮ್ಮದೇ ಕಾರಣವಿತ್ತು: ಪೆಟ್ರೋಲಿನ ಕೊಳವೆ ಕೂರುವ ಜಾಗದಲ್ಲಿ ಹಾಯುವುದು ಬೇಡ ಎಂದು. ಆ ಕಾರಣ ತಪ್ಪಲ್ಲ, ಆದರೆ ಒಬ್ಬರ ಕೈಗೆ ಒಗ್ಗಿದ್ದು ಇನ್ನೊಬ್ಬರ ಕೈಗೆ ಒಗ್ಗಬೇಕಲ್ಲ. ಆ ವಿಮಾನ ಮತ್ತೆ ಹಾರುವ ಮೊದಲು ಆ ಹಿಡಿ ಜಾಗ ಬದಲಾಯಿಸಬೇಕಿತ್ತು. ಒಂದು ವಾರದ ಕೆಲಸವಾಗಿದ್ದರೂ ಆಗಲಿ, ಒಂದು ತಿಂಗಳಾದರೂ ಆಗಲಿ.

ಇದೇ ಲಾಂಗ್ ಈಜಿಗೂ ಬೆಂಗಳೂರಿಗೂ ಒಂದು ನಂಟಿದೆ. ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯ, ಅಂದರೆ ಎನ್‌ಎಎಲ್, ರುಟಾನ್ ಅವರ ಈ ವಿನ್ಯಾಸವನ್ನೇ ಆಧರಿಸಿ ಹಗುರ ಸಂಶೋಧನಾ ವಿಮಾನವೊಂದನ್ನು ಕಟ್ಟಿ 1987ರಲ್ಲಿ ಹಾರಿಸಿತು. ಅಮೆರಿಕದ ಗ್ಯಾರೇಜುಗಳಲ್ಲಿ ಜನ ಫೋಮ್ ಕತ್ತರಿಸಿ, ಗಾಜಿನ ನಾರು ಹಾಸಿ, ರೆಸಿನ್ ಬಳಿದು ಮಾಡುತ್ತಿದ್ದ ಕೆಲಸವನ್ನು ಇಲ್ಲಿ ವಿಜ್ಞಾನಿಗಳು ತಮ್ಮ ಕೈಯಿಂದ ಮಾಡಿ ನೋಡಿದರು. ಪೂರ್ತಿ ಇಂಥ ಸಂಯೋಜಿತ ವಸ್ತುವಿನಿಂದಲೇ ಮಾಡಿದ, ಎನ್‌ಎಎಲ್‌ನ ಎರಡು ಸೀಟಿನ ಹಂಸ ವಿಮಾನ 1993ರಲ್ಲಿ ಹಾರಿತು. ಬಟ್ಟೆಯ ವಿಮಾನವೂ ಬೆಂಗಳೂರಿಗೆ ಹೊಸತಲ್ಲ. ಅಲ್ಲಿನ ವಿಮಾನ ಕಾರ್ಖಾನೆ ಎಚ್‌ಎಎಲ್‌ನ ಪುಷ್ಪಕ್ 1958ರಲ್ಲಿ ಮೊದಲು ಹಾರಿತು. ಬಟ್ಟೆ ಹೊದಿಸಿದ ಆ ಪುಟ್ಟ ವಿಮಾನ ದೇಶದ ಎಷ್ಟೋ ಹಾರಾಟದ ಕ್ಲಬ್ಬುಗಳಲ್ಲಿ ಪೈಲಟ್ಟುಗಳನ್ನು ತಯಾರು ಮಾಡಿತು. ಅದರ ರೆಕ್ಕೆ ತಟ್ಟಿ ನೋಡಿದ, ಅದರ ಬಟ್ಟೆ ಬದಲಾಯಿಸಿದ ಮೆಕ್ಯಾನಿಕ್‌ಗಳ ಹೆಸರು ಮಾತ್ರ ಯಾವ ಇತಿಹಾಸದಲ್ಲೂ ಸುಲಭಕ್ಕೆ ಸಿಗುವುದಿಲ್ಲ.

ಭಾರತದಲ್ಲಿ ಮನೆಯಲ್ಲೇ ವಿಮಾನ ಕಟ್ಟುವುದು ಇಂದಿಗೂ ಸಾಹಸವೇ. ಮುಂಬಯಿಯ ಪೈಲಟ್ ಅಮೋಲ್ ಯಾದವ್ ಕಾಂದಿವಲಿಯ ತಮ್ಮ ಕಟ್ಟಡದ ತಾರಸಿಯ ಮೇಲೆ ಆರು ಸೀಟಿನ ವಿಮಾನ ಕಟ್ಟಿ, 2016ರ ಫೆಬ್ರವರಿಯಲ್ಲಿ ಅದನ್ನು ಮುಂಬಯಿಯ ಮೇಕ್ ಇನ್ ಇಂಡಿಯಾ ಪ್ರದರ್ಶನದಲ್ಲಿ ಜನರ ಮುಂದೆ ಇಟ್ಟರು. ಅದರ ನೋಂದಣಿ ಪತ್ರ ಕೈಗೆ ಬರಲು 2017ರ ನವೆಂಬರ್ ಆಯಿತು. ತಾರಸಿಯ ಮೇಲೆ ವಿಮಾನ ಕಟ್ಟುವ ಛಲ ಇರುವ ದೇಶದಲ್ಲಿ, ಅಂಥವರಿಗೆ ದಾರಿ ತೋರಿಸುವ ಹಿರಿಯರ ಕೂಟಗಳು ಊರೂರಲ್ಲೂ ಇರಬೇಕಿತ್ತು. ಅಮೆರಿಕದಲ್ಲಿ ಆ ಕೆಲಸವನ್ನು 1953ರಲ್ಲಿ ಪಾಲ್ ಪೊಬೆರೆಜ್ನಿ ಸ್ಥಾಪಿಸಿದ ಎಕ್ಸ್‌ಪೆರಿಮೆಂಟಲ್ ಏರ್‌ಕ್ರಾಫ್ಟ್ ಅಸೋಸಿಯೇಷನ್ ಮಾಡುತ್ತ ಬಂದಿದೆ. ಬಟ್ಟೆ ಮುಚ್ಚುವ ಮೊದಲು, ಮೊದಲ ಹಾರಾಟದ ಮೊದಲು, ಅನುಭವಿ ಸದಸ್ಯರು ಬಂದು ಪುಕ್ಕಟೆಯಾಗಿ ನೋಡಿ ಹೇಳುತ್ತಾರೆ. ತನ್ನ ಕಣ್ಣಿಗೆ ತಪ್ಪಿದ್ದು ಇನ್ನೊಬ್ಬರ ಕಣ್ಣಿಗೆ ಬೀಳುತ್ತದೆ.

ಜೋಡಣೆಯೆಲ್ಲ ಮುಗಿದ ಮೇಲೆ ತೂಕ. ಮುಂದಿನ ಎರಡು ಚಕ್ರ, ಬಾಲ, ಹೀಗೆ ಮೂರು ಕಡೆ ಮೂರು ತಕ್ಕಡಿ. ಲೆಕ್ಕ ಹಾಕಿ ಭಾರದ ಕೇಂದ್ರ ಎಲ್ಲಿ ಬೀಳುತ್ತದೆ ಎಂದು ನೋಡಬೇಕು. ಏರ್ ಕ್ಯಾಂಪರ್‌ನಲ್ಲಿ ಪೈಲಟ್ ಕೂರುವುದು ಹಿಂದಿನ ಸೀಟಿನಲ್ಲಿ. ಹೊಸ ಮಾಲೀಕರು ಹಳಬರಿಗಿಂತ ಭಾರವಾಗಿದ್ದರೆ ಕೇಂದ್ರ ಹಿಂದಕ್ಕೆ ಸರಿದು, ವಿಮಾನ ಮೂತಿ ಎತ್ತಿಕೊಂಡು ಕೈ ಮೀರಬಹುದು. ಅದಕ್ಕೆ ಇಲ್ಲೊಂದು ಚೆಂದದ ಪರಿಹಾರವಿದೆ. ರೆಕ್ಕೆಯನ್ನು ಮೈಗೆ ಸೇರಿಸುವ ಕಂಬಗಳನ್ನು ಹಿಂದಕ್ಕೆ ವಾಲಿಸಿ ಇಡೀ ರೆಕ್ಕೆಯನ್ನೇ ಮೂರ್ನಾಲ್ಕು ಅಂಗುಲ ಹಿಂದಕ್ಕೆ ಸರಿಸುತ್ತಾರೆ. ಅಂಗಿಯನ್ನು ಮೈಗೆ ತಕ್ಕಂತೆ ಹೊಲಿಸಿಕೊಂಡ ಹಾಗೆ, ವಿಮಾನವನ್ನು ಮನುಷ್ಯನ ಅಳತೆಗೆ ಕೂರಿಸಿಕೊಳ್ಳುವುದು.

ಹಾರಿದ ಮೇಲೂ ಕೆಲಸ ಮುಗಿಯುವುದಿಲ್ಲ. ಪ್ರತಿ ವರ್ಷ ಮುಚ್ಚಳಗಳನ್ನೆಲ್ಲ ಬಿಚ್ಚಿ ಒಳಗೆ ಕೈ ಹಾಕಬೇಕು. ನಿಯಂತ್ರಣದ ಉಕ್ಕಿನ ಹಗ್ಗದ ಮೇಲೆ ಹತ್ತಿ ಚಿಂದಿಯನ್ನು ಎಳೆಯುತ್ತಾರೆ. ಒಂದು ಎಳೆ ಕಿತ್ತಿದ್ದರೂ ಅದು ಚಿಂದಿಯನ್ನು ಹಿಡಿದು ನಿಲ್ಲಿಸುತ್ತದೆ. ಪ್ರತಿ ನಟ್ಟಿಗೂ ಸ್ಪ್ಲಿಟ್ ಪಿನ್ನೋ ಲಾಕ್ ವೈರೋ ಇದೆಯೇ ಎಂದು ಬೆರಳು ಮುಟ್ಟಿಸಿ ಎಣಿಸುತ್ತಾರೆ. ಮಾಡಿದ್ದನ್ನೆಲ್ಲ ಲಾಗ್ ಪುಸ್ತಕದಲ್ಲಿ ಬರೆದು ದಿನಾಂಕ, ಒಟ್ಟು ಹಾರಾಟದ ಗಂಟೆ, ಸಹಿ ಹಾಕುತ್ತಾರೆ. ರೈಟ್ ಸಹೋದರರ 1903ರ ಎಂಜಿನ್ನನ್ನು ಆರು ವಾರಗಳಲ್ಲಿ ಕೈಯಾರೆ ಮಾಡಿಕೊಟ್ಟವರು ಚಾರ್ಲಿ ಟೇಲರ್. ಅವರು ಹುಟ್ಟಿದ ಮೇ 24ನ್ನು ಅಮೆರಿಕದಲ್ಲಿ ವಿಮಾನ ಮೆಕ್ಯಾನಿಕ್‌ಗಳ ದಿನವೆಂದು ಆಚರಿಸುತ್ತಾರೆ. ಬೆಂಗಳೂರಿನ ಜಕ್ಕೂರು ವಿಮಾನ ನೆಲೆಯಲ್ಲಿ, ಎಚ್‌ಎಎಲ್‌ನಲ್ಲಿ ದುಡಿದು ನಿವೃತ್ತರಾದವರಿಗೂ ಆ ದಿನ ಯಾರಾದರೂ ಒಂದು ಹೂವು ಕೊಡಬೇಕು.

ಪೀಟನ್‌ಪೋಲ್ ಅವರ ಹಳೆಯ ಹ್ಯಾಂಗರನ್ನು ವಿಸ್ಕಾನ್ಸಿನ್ ರಾಜ್ಯದ ಆಶ್‌ಕಾಶ್‌ಗೆ ತಂದು, ಅಲ್ಲಿನ ಪಯೊನೀರ್ ಏರ್‌ಪೋರ್ಟ್‌ನಲ್ಲಿ ನಿಲ್ಲಿಸಿದ್ದಾರೆ. ಅದೇ ರಾಜ್ಯದ ಬ್ರಾಡ್‌ಹೆಡ್ ಎಂಬ ಸಣ್ಣ ಊರಿನ ಹುಲ್ಲಿನ ರನ್‌ವೇಗೆ ಪ್ರತಿ ಜುಲೈ ತಿಂಗಳಲ್ಲಿ ಏರ್ ಕ್ಯಾಂಪರ್‌ಗಳು ಬಂದು ಸೇರುತ್ತವೆ. ಶಿಕಾಗೋ, ಮಿಲ್ವಾಕಿ, ಮ್ಯಾಡಿಸನ್ ಕಡೆ ಇರುವ ಕನ್ನಡಿಗರಿಗೆ ಅದು ಕಾರಿನಲ್ಲಿ ಹೋಗಿ ಸಂಜೆಗೆ ಮರಳುವಷ್ಟು ಹತ್ತಿರ. ಮಕ್ಕಳನ್ನು ಕರೆದುಕೊಂಡು ಒಮ್ಮೆ ಹೋಗಿ ಬನ್ನಿ. ರೆಕ್ಕೆಯ ಬಟ್ಟೆಯನ್ನು ತಟ್ಟಿ ನೋಡುವ ಆಸೆಯಾಗುತ್ತದೆ. ಮೊದಲು ಮಾಲೀಕರನ್ನು ಕೇಳಿ, ಆಮೇಲೆ ಬೆರಳ ತುದಿಯಿಂದ ಮೆಲ್ಲಗೆ ತಟ್ಟಿ. ಅದನ್ನು ಕಟ್ಟಿದವರು ಯಾರು ಎಂದೂ ಕೇಳಿ.